ಈ ತೂತು ಯಾರು ಮಾಡ್ಯಾರ್ರೀ?

(ಕಲಬುರಗಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ನಲಿ-ಕಲಿ ಶಿಕ್ಷಕರು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ತೂತಿನ ಕತೆ ಹೇಳಿಬಿಡುತ್ತೇನೆ.

ನಾನು ಕಮಲಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪಕ್ಕದ ಅಂಗನವಾಡಿಯಿಂದ ನಾಲ್ಕೈದು ಚಿಕ್ಕವು ಅಕ್ಕಂದಿರ ಲಂಗ ಹಿಡಿದುಕೊಂಡು ಬಂದುಬಿಡುತ್ತವೆ. ಶನಿವಾರ ಕೊನೆಯ ಹೊತ್ತಿಗೆ ನಾನು ಒಂದು ಚಿತ್ರಪುಸ್ತಕ ಓದುತ್ತೇನೆ. ಒಂದು ಸಲ ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ ಒಯ್ದಿದ್ದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ಪುಟ್ಟ ಹುಳ ಸೋಮವಾರ ಒಂದು ಸೇಬು ತಿನ್ನುತ್ತದೆ, ಮಂಗಳವಾರ ಎರಡು ಪೇರು, ಬುಧವಾರ ಮೂರು ಪ್ಲಮ್. ಪ್ಲಮ್ ನೋಡಿ ನಮ್ಮ ಮಕ್ಕಳು ಅದು ಬಾರಿಹಣ್ಣು ಅಂತ ತೀರ್ಮಾನ ಮಾಡಿದರು. ನಾನೂ ಒಪ್ಪಿಕೊಂಡೆ. ಹುಳ ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತು ಇದೆ. ಬೆರಳು ತೂರಿಸಬಹುದು. ಪುಸ್ತಕ ಇಂಗ್ಲಿಷಿನದು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಎರಡನೇ ತರಗತಿಯ ಒಬ್ಬ ಹುಡುಗಿ ತೂತಿನಲ್ಲಿ ಕಿರುಬೆರಳು ಇಟ್ಟುಕೊಂಡೇ ಕೇಳಿದಳು: "ಟೀಚರ್, ಈ ತೂತು ಯಾರು ಮಾಡ್ಯಾರ್ರೀ?"

ಹುಳ ಮಾಡಿದೆ ಅಂತ ಹೇಳಿ ಮುಂದೆ ಹೋಗಬಹುದಿತ್ತು. ಕತೆಯ ಉತ್ತರ ಅದೇ. ಆದರೆ ಆ ಮಗು ಕತೆಯ ಹುಳದ ಬಗ್ಗೆ ಕೇಳಿರಲಿಲ್ಲ. ಅವಳಿಗೆ ಈ ಹಾಳೆಯ ತೂತು ಮಾಡಿದವರು ಬೇಕಿತ್ತು. ನನಗೆ ಗೊತ್ತಿರಲಿಲ್ಲ. ಸೋಮವಾರ ಹೇಳ್ತೀನಿ ಅಂದೆ.

ಆ ರಾತ್ರಿ ಮನೆಯಲ್ಲಿ ಮೊಬೈಲ್ ಹಿಡಿದು ಹುಡುಕಿದೆ. ಸಿಕ್ಕ ಸಂಗತಿ ಇದು. ಕಾರ್ಲ್ ಒಂದು ದಿನ ಪಂಚಿಂಗ್ ಮಷೀನಿನಲ್ಲಿ ಕಾಗದದ ಕಟ್ಟಿಗೆ ತೂತು ಹೊಡೆಯುತ್ತಿದ್ದರು. ತೂತು ನೋಡಿ ಪುಸ್ತಕ ತಿನ್ನುವ ಹುಳ ನೆನಪಾಯಿತು. ಮೊದಲು ಬರೆದದ್ದು ಆ ಪುಸ್ತಕದ ಹುಳದ ಕತೆಯನ್ನೇ. ಅವರ ಸಂಪಾದಕಿ ಆನ್ ಬೆನೆಡ್ಯೂಸ್, ಕಂಬಳಿಹುಳ ಆದರೆ ಹೇಗೆ ಅಂತ ಕೇಳಿದರು. ಅಷ್ಟಕ್ಕೇ ಚಿಟ್ಟೆ ಹೊಳೆಯಿತು, ಕತೆಗೆ ಕೊನೆ ಸಿಕ್ಕಿತು. ಇಷ್ಟೊಂದು ತೂತಿನ ಪುಸ್ತಕವನ್ನು ಅಮೆರಿಕದಲ್ಲಿ ಕೈಗೆಟಕುವ ಖರ್ಚಿನಲ್ಲಿ ಮುದ್ರಿಸಲು ಆಗಲಿಲ್ಲ. ಕೊನೆಗೆ ಜಪಾನಿನಲ್ಲಿ ಮುದ್ರಣ ಮಾಡಿಸಿದರು. 1969ರಲ್ಲಿ ಪುಸ್ತಕ ಬಂತು.

ಸೋಮವಾರ ನಾನು ಆಫೀಸಿನಿಂದ ಪಂಚಿಂಗ್ ಮಷೀನು ತಂದು ನೆಲದ ಮೇಲೆ ಇಟ್ಟೆ. ಹಳೆಯ ಹಾಳೆಗಳನ್ನು ಕೊಟ್ಟೆ. ಒಬ್ಬೊಬ್ಬರೇ ಬಂದು ಎರಡೂ ಕೈಯಿಂದ ಒತ್ತಿದರು. ಅಂಗನವಾಡಿಯ ಮಗುವಿಗೆ ಕೈಯಿಂದ ಆಗಲಿಲ್ಲ, ಅದರ ಮೇಲೆ ಕೂತೇ ಒತ್ತಿತು. ಬಿದ್ದ ಪುಟ್ಟ ಪುಟ್ಟ ಚುಕ್ಕಿಗಳನ್ನು ಹುಡುಗರು ಜೇಬಿಗೆ ತುಂಬಿಕೊಂಡರು. ಆಮೇಲೆ ಮೊಬೈಲ್ ತೆಗೆದು ಕಾರ್ಲ್ ಕೆಲಸ ಮಾಡುವ ಒಂದು ಚಿಕ್ಕ ವಿಡಿಯೊ ತೋರಿಸಿದೆ. ಬಿಳಿ ಗಡ್ಡದ ಅಜ್ಜ. ತೆಳು ಕಾಗದದ ಮೇಲೆ ಅಗಲ ಬ್ರಷ್‌ನಿಂದ ಬಣ್ಣ ಬಳಿಯುತ್ತಾರೆ. ಒಣಗಿದ ಮೇಲೆ ಕತ್ತರಿಸಿ ಅಂಟಿಸುತ್ತಾರೆ. ಹುಳ ಹುಟ್ಟುವುದು ಹೀಗೆ.

ಅದೇ ಹುಡುಗಿ ಕೇಳಿದಳು: "ಇನ್ನಾ ಅದಾರೇನ್ರಿ ಅವ್ರು?"

ಇಲ್ಲ ಕಂದಾ, 2021ರಲ್ಲಿ ತೀರಿಹೋದರು, 91 ವರ್ಷ ಆಗಿತ್ತು ಅಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಸಾಲಿನಿಂದ ಒಬ್ಬ ಹೇಳಿದ: "ಹುಳ ಅದ ಅಲ್ರೀ ಮತ್ತ."

ನಾನು ಇವತ್ತು ಮಾತಾಡಲು ಬಂದಿರುವುದು ಇದರ ಬಗ್ಗೆಯೇ. ನಮ್ಮ ಮಕ್ಕಳಿಗೆ ಪುಸ್ತಕ ಎಲ್ಲಿಂದ ಬರುತ್ತದೆ? ಸರ್ಕಾರದಿಂದ ಬರುತ್ತದೆ. ಜೂನ್ ತಿಂಗಳಲ್ಲಿ ಗಾಡಿಯಲ್ಲಿ ಬರುತ್ತದೆ. ಇಲ್ಲವೇ ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಿಂದ ಬರುತ್ತದೆ. ಅದನ್ನು ಒಬ್ಬ ಮನುಷ್ಯ ಮಾಡಿದ್ದಾನೆ, ಅವನಿಗೂ ಕೈ ಇದೆ, ಅವನೂ ತಪ್ಪು ಮಾಡಿ ಅಳಿಸಿದ್ದಾನೆ ಅನ್ನುವುದು ಐದು ವರ್ಷದ ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ರೊಟ್ಟಿ ಯಾರು ಬಡಿದರು ಅಂತ ಮಗುವಿಗೆ ಗೊತ್ತು, ಬಡಿಯುವುದನ್ನು ಅದು ನೋಡಿದೆ. ಪುಸ್ತಕ ಮಾಡುವುದನ್ನು ನೋಡಿಲ್ಲ. ನಮ್ಮ ಊರುಗಳಿಗೆ ಚಿತ್ರಪುಸ್ತಕ ಮಾಡುವವರು ಬಂದು ಕೂರುವುದೂ ಅಪರೂಪ. ಆ ಕೈಯನ್ನು ನಮ್ಮ ತರಗತಿಯ ಒಳಗೆ ತರಲು ಇಂಟರ್ನೆಟ್ ಒಂದು ದಾರಿ. ನನಗೆ ಇಂಟರ್ನೆಟ್ ಬೇಕಾಗಿರುವುದು ಅಷ್ಟಕ್ಕೇ. ಕತೆ ಓದಿಸಲು ಅದು ಬೇಡ. ಕತೆಯನ್ನು ನಾವೇ ಓದಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೊದಮೊದಲು ನಾನು ಉಲ್ಟಾ ಮಾಡಿದೆ. ಪುಸ್ತಕ ಓದುವ ಮೊದಲೇ ವಿಡಿಯೊ ಹಾಕಿದೆ. ಯಾರೋ ಚೆನ್ನಾಗಿ ಓದುತ್ತಾರೆ, ಸಂಗೀತ ಇದೆ, ಚಿತ್ರ ಕುಣಿಯುತ್ತದೆ. ಮಕ್ಕಳು ಬಾಯಿ ತೆರೆದು ನೋಡಿದರು. ಅದು ಮುಗಿದ ಕೂಡಲೇ ಮುಂದಿನದು ತಾನೇ ಶುರುವಾಯಿತು, ಆಟಿಕೆ ಬಿಚ್ಚಿ ತೋರಿಸುವ ವಿಡಿಯೊ. ನಾನು ಬಂದ್ ಮಾಡಿದೆ. ಮಕ್ಕಳು ಅತ್ತರು. ಆಮೇಲೆ ಪುಸ್ತಕ ತೆಗೆದರೆ ಯಾರಿಗೂ ಅದು ಬೇಡ. ಕುಣಿಯುವ ಚಿತ್ರ ನೋಡಿದ ಮೇಲೆ ನಿಂತ ಚಿತ್ರ ಸಪ್ಪೆ ಅನಿಸುತ್ತದೆ ಅಲ್ವಾ? ಆ ಶನಿವಾರ ಹಾಳಾಯಿತು, ನನಗೆ ಬಹಳ ಬೇಜಾರಾಯಿತು.

ಈಗ ನನ್ನ ಕ್ರಮ ಬೇರೆ. ಮೊದಲು ಪುಸ್ತಕ, ಎರಡು ಮೂರು ದಿನ ಅದೇ ಪುಸ್ತಕ. ಮಕ್ಕಳಿಗೆ ಬಾಯಿಪಾಠ ಆಗಿ, ನಾನು ತಪ್ಪು ಓದಿದರೆ ಅವರೇ ತಿದ್ದುವ ಹಾಗಾಗಬೇಕು. ಆಮೇಲೆ ಅದನ್ನು ಮಾಡಿದವರನ್ನು ತೋರಿಸುವುದು, ನಾಲ್ಕೈದು ನಿಮಿಷ ಸಾಕು. ಆಮೇಲೆ ಮತ್ತೆ ಅದೇ ಪುಸ್ತಕ. ಆ ಕೊನೆಯ ಓದು ಇದೆಯಲ್ಲ, ಅದನ್ನು ನೀವು ಒಮ್ಮೆ ನೋಡಬೇಕು. ಮಕ್ಕಳು ಮೂಗು ತಾಗಿಸಿ ನೋಡುತ್ತಾರೆ. ಬ್ರಷ್ ಗೆರೆ ಹುಡುಕುತ್ತಾರೆ. "ಇಲ್ಲಿ ಅಂಟು ಹಚ್ಯಾರ ನೋಡು" ಅಂತ ಒಬ್ಬರಿಗೊಬ್ಬರು ತೋರಿಸುತ್ತಾರೆ.

ವಿಡಿಯೊವನ್ನು ನಾನು ರಾತ್ರಿಯೇ ಪೂರ್ತಿ ನೋಡಿರುತ್ತೇನೆ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಡುತ್ತೇನೆ, ಯಾಕಂದರೆ ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಬರುವುದು ಬೇವಿನ ಗಿಡದ ಕೆಳಗೆ ಮಾತ್ರ. ಆಟೋಪ್ಲೇ ಆಫ್. ಮಾತು ಇಂಗ್ಲಿಷಿನಲ್ಲಿ ಇದ್ದರೆ ಧ್ವನಿ ಪೂರ್ತಿ ಕಡಿಮೆ ಮಾಡಿ ನಾನೇ ಕನ್ನಡದಲ್ಲಿ ಹೇಳುತ್ತೇನೆ. ಬಣ್ಣ ಬಳಿಯುವ ಕೈ ನೋಡಲು ಭಾಷೆ ಬೇಕಿಲ್ಲ. ಆದಷ್ಟು ಲೇಖಕರ ಅಥವಾ ಪ್ರಕಾಶಕರ ಸ್ವಂತ ಪುಟದಿಂದಲೇ ತೆಗೆದುಕೊಳ್ಳಿ. ಯಾರದೋ ಪುಸ್ತಕವನ್ನು ಇನ್ಯಾರೋ ಅನುಮತಿ ಇಲ್ಲದೆ ಪೂರ್ತಿ ಓದಿ ಹಾಕಿದ್ದನ್ನು ತೋರಿಸುತ್ತಾ ಲೇಖಕರನ್ನು ಪರಿಚಯಿಸುವುದು ನನಗೆ ಸರಿ ಕಾಣುವುದಿಲ್ಲ.

ಅಂಗನವಾಡಿ ಅಕ್ಕಂದಿರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು. ಒಂದು ವರ್ಷದ ಕೂಸಿಗೆ ಬೇಡವೇ ಬೇಡ. ಮನೆಯಲ್ಲಿ ಆ ಒಂದು ಗಂಟೆ ಎಂದೋ ಮುಗಿದಿರುತ್ತದೆ. ಹಾಗಾಗಿ ಚಿಕ್ಕವರಿಗೆ ನಾನು ವಿಡಿಯೊ ತೋರಿಸುವುದಕ್ಕಿಂತ ಒಂದು ಫೋಟೊ ಪ್ರಿಂಟ್ ತೆಗೆದು ಗೋಡೆಗೆ ಹಚ್ಚುತ್ತೇನೆ. ಪುಸ್ತಕದ ಪಕ್ಕದಲ್ಲಿ ಅದನ್ನು ಮಾಡಿದವರ ಮುಖ. ಅಷ್ಟೇ ಸಾಕು. ಮಕ್ಕಳು ಬೆಳಿಗ್ಗೆ ಬಂದು ಆ ಫೋಟೊಗೂ ನಮಸ್ಕಾರ ಮಾಡುತ್ತಾರೆ.

ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರಬೇಕು. ಎಲ್ಲಾ ಅಮೆರಿಕದವರೇ ಏನು? ನಮ್ಮವರು ಯಾರೂ ಇಲ್ಲವಾ? ಇದ್ದಾರೆ. ನನ್ನ ಮಕ್ಕಳ ಮೇಲೆ ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಮಾಡಿದವರು ಭಜ್ಜು ಶ್ಯಾಮ್.

ಭಜ್ಜು ಶ್ಯಾಮ್ ಮಧ್ಯಪ್ರದೇಶದ ಪಾಟನ್‌ಗಢ ಅನ್ನುವ ಹಳ್ಳಿಯವರು, ಗೊಂಡ ಸಮುದಾಯದ ಚಿತ್ರಕಾರರು. ದುಡಿಯಲು ಭೋಪಾಲಕ್ಕೆ ಬಂದರು. ರಾತ್ರಿ ಕಾವಲುಗಾರರಾಗಿ ಕೆಲಸ ಮಾಡಿದರು, ಇಲೆಕ್ಟ್ರಿಷಿಯನ್ ಕೆಲಸ ಮಾಡಿದರು. ಆಮೇಲೆ ಚಿಕ್ಕಪ್ಪ ಜನಗಢ ಸಿಂಗ್ ಶ್ಯಾಮ್ ಅವರ ಹತ್ತಿರ ಚಿತ್ರಕ್ಕೆ ನಿಂತರು. ಒಂದು ಸಲ ಲಂಡನ್ನಿನ ಒಂದು ಹೋಟೆಲಿನ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಎರಡು ತಿಂಗಳು ಅಲ್ಲಿದ್ದರು. ಆ ಊರನ್ನು ತಮ್ಮ ಕಾಡಿನ ಕಣ್ಣಿನಿಂದ ನೋಡಿದರು. ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ಅದನ್ನು ಪುಸ್ತಕ ಮಾಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಪುಸ್ತಕದ ಕೆಲವು ಚಿತ್ರಗಳು ಇಂಟರ್ನೆಟ್ಟಿನಲ್ಲಿ ನೋಡಲು ಸಿಗುತ್ತವೆ. ಲಂಡನ್ನಿನ ದೊಡ್ಡ ಗಡಿಯಾರದ ಗೋಪುರ ಅವರಿಗೆ ಹುಂಜವಾಗಿ ಕಂಡಿತು, ಗಡಿಯಾರವೂ ಹುಂಜವೂ ಹೊತ್ತು ಎಷ್ಟಾಯಿತು ಅಂತ ಹೇಳುತ್ತವಲ್ಲ. ನೆಲದ ಕೆಳಗೆ ಓಡುವ ರೈಲು ಎರೆಹುಳ. ದಿನಾ ಕರೆದೊಯ್ಯುತ್ತಿದ್ದ ಬಸ್ಸು ನಂಬಿಗಸ್ತ ನಾಯಿ.

ನಮ್ಮ ಮಕ್ಕಳು ಲಂಡನ್ ನೋಡಿಲ್ಲ. ಆದರೆ ಹುಂಜ ಗೊತ್ತು, ಎರೆಹುಳ ಗೊತ್ತು, ನಾಯಿ ಗೊತ್ತು. ಹಾಗಾಗಿ ಲಂಡನ್ ಅವರಿಗೆ ಒಂದೇ ಸಲಕ್ಕೆ ತಿಳಿಯಿತು! ನಾನು ಅವರಿಗೆ ಕೇಳಿದೆ: ಭಜ್ಜು ಕಾಕಾ ನಮ್ಮೂರಿಗೆ ಬಂದರೆ ಏನೇನು ಬರೆಯುತ್ತಿದ್ದರು?

ಆವತ್ತಿನ ಹಾಳೆಗಳನ್ನು ನಾನು ಇವತ್ತಿಗೂ ಇಟ್ಟಿದ್ದೇನೆ. ಆಳಂದದ ಬಸ್ಸನ್ನು ಒಬ್ಬ ಎಮ್ಮೆ ಮಾಡಿದ್ದ. ಕಲಬುರಗಿ ಕೋಟೆಯ ಉದ್ದನೆಯ ತೋಪು ಮೊಸಳೆ ಆಗಿತ್ತು, ಬಾಯಿ ತೆರೆದು ಬಿಸಿಲಿಗೆ ಮಲಗಿತ್ತು. ತೂತಿನ ಪ್ರಶ್ನೆ ಕೇಳಿದ್ದ ಹುಡುಗಿ ಮಾತ್ರ ರಾಶಿ ಮಷೀನು ಬರೆದಿದ್ದಳು. ತೊಗರಿ ರಾಶಿ ಮಾಡುವ ಮಷೀನು. ಅದು ಆಡು. ಯಾಕಮ್ಮಾ ಆಡು ಅಂತ ಕೇಳಿದೆ. "ಅದು ಕಟ್ಟಿಗಿ, ಎಲಿ ಎಲ್ಲಾ ತಿಂತದ್ರಿ. ಹಿಂದ ಕಾಳು ಹಾಕ್ತದ, ಆಡಿನ ಹಿಕ್ಕಿ ಹಂಗ." ನೋಡಿ, ಆ ಮಗು ಪ್ರತಿ ವರ್ಷ ಜನವರಿಯಲ್ಲಿ ಹೊಲದಲ್ಲಿ ನಿಂತು ಆ ಮಷೀನು ನೋಡಿದೆ, ಮನೆಯಲ್ಲಿ ಆಡು ನೋಡಿದೆ. ಎರಡನ್ನೂ ಸೇರಿಸಲು ಅವಳಿಗೆ ಬೇಕಾಗಿದ್ದದ್ದು ಒಬ್ಬ ಮನುಷ್ಯನ ಉದಾಹರಣೆ. ಹೀಗೂ ನೋಡಬಹುದು, ಹೀಗೆ ನೋಡಿದವರು ಇದ್ದಾರೆ ಅನ್ನುವ ಧೈರ್ಯ.

ಧೈರ್ಯ ಅಂದಾಗ ಇನ್ನೊಬ್ಬ ಹುಡುಗ ನೆನಪಾಗುತ್ತಾನೆ. ಅವನು ಬರೆಯುವುದಕ್ಕಿಂತ ಅಳಿಸುವುದೇ ಜಾಸ್ತಿ. ರಬ್ಬರ್ ತಿಕ್ಕಿ ತಿಕ್ಕಿ ಹಾಳೆ ಹರಿಯುತ್ತಿತ್ತು. ಅವನಿಗೆ ನಾನು ಮಾರಿಸ್ ಸೆಂಡಾಕ್ ಕತೆ ಹೇಳಿದೆ. ಈ ದೊಡ್ಡ ಚಿತ್ರಕಾರರು ಕಾಡು ಕುದುರೆಗಳ ಪುಸ್ತಕ ಮಾಡಲು ಹೊರಟಿದ್ದರು. ಕುದುರೆ ಬರೆಯಲು ಬರಲಿಲ್ಲ. ಎಷ್ಟು ಬರೆದರೂ ಸರಿ ಆಗಲಿಲ್ಲ. ಕೊನೆಗೆ ಕುದುರೆ ಬಿಟ್ಟು ಕೋರೆಹಲ್ಲಿನ, ದೊಡ್ಡ ಕಣ್ಣಿನ ವಿಚಿತ್ರ ಪ್ರಾಣಿಗಳನ್ನು ಬರೆದರು. ಚಿಕ್ಕಂದಿನಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರೇ ಆ ಪ್ರಾಣಿಗಳಾದರು. 1963ರಲ್ಲಿ ಬಂದ ಆ ಪುಸ್ತಕವನ್ನು ಜಗತ್ತೆಲ್ಲ ಇವತ್ತಿಗೂ ಓದುತ್ತದೆ. ಹುಡುಗ ಬಹಳ ಹೊತ್ತು ಯೋಚನೆ ಮಾಡಿ ಕೇಳಿದ: "ಅವ್ರಿಗಿ ಕುದುರಿ ಖರೇನೇ ಬರ್ತಿದ್ದಿಲ್ಲೇನ್ರಿ?" ಖರೇನೇ ಅಂದೆ. ಅವತ್ತಿನಿಂದ ಅವನು ರಬ್ಬರ್ ಬಿಟ್ಟುಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಾಳೆ ಹರಿಯುವ ಮೊದಲು ನಿಲ್ಲಿಸುತ್ತಾನೆ.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನೀವೆಲ್ಲ ನಮ್ಮ ಎಸ್.ಎಂ. ಪಂಡಿತ್ ರಂಗಮಂದಿರಕ್ಕೆ ಹೋಗಿದ್ದೀರಿ. ನಾಟಕಕ್ಕೆ, ಸನ್ಮಾನಕ್ಕೆ, ಮಕ್ಕಳ ಡಾನ್ಸಿಗೆ. ಆ ಪಂಡಿತರು ಯಾರು ಅಂತ ಮಕ್ಕಳಿಗೆ ಹೇಳಿದ್ದೀರಾ? 1916ರಲ್ಲಿ ಇದೇ ಗುಲಬರ್ಗಾದಲ್ಲಿ ಹುಟ್ಟಿದವರು, ಚಿತ್ರ ಬರೆಯುವವರು. ಅವರ ಸಿನಿಮಾ ಪೋಸ್ಟರುಗಳು, ದೇವರ ಕ್ಯಾಲೆಂಡರುಗಳು ದೇಶದ ಎಷ್ಟೋ ಮನೆಗಳ ಗೋಡೆ ಸೇರಿದವು. ಅವರದು ಮಕ್ಕಳ ಪುಸ್ತಕ ಅಲ್ಲ, ಒಪ್ಪುತ್ತೇನೆ. ಆದರೆ ಚಿತ್ರ ಬರೆದವರ ಹೆಸರನ್ನು ನಮ್ಮೂರು ಒಂದು ಕಟ್ಟಡದ ಮೇಲೆ ಬರೆದಿದೆ. ಅವರ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಮಕ್ಕಳಿಗೆ ಮೊದಲು ಚಿತ್ರ ತೋರಿಸಿ, ಆಮೇಲೆ ರಂಗಮಂದಿರದ ಬೋರ್ಡು ಓದಿಸಿ. ಹಾಗೆಯೇ ಯಾದಗಿರಿ ಜಿಲ್ಲೆಯಿಂದ ಬಂದವರಿದ್ದರೆ ಕೇಳಿ, ನಿಮ್ಮ ಶಹಾಪುರದ ಚಂದ್ರಕಾಂತ ಕರದಳ್ಳಿ ಅವರಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಲೇಖಕ ಅಂದರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರು ಅಂತ ನಮ್ಮ ಮಕ್ಕಳು ಅಂದುಕೊಳ್ಳುವುದು ನನಗೆ ನೋವು ಕೊಡುತ್ತದೆ.

ಚಿತ್ರ ಬರೆದವರ ಹೆಸರಿನ ಬಗ್ಗೆ ನನಗೆ ಸ್ವಲ್ಪ ಹಟ ಇದೆ. ಚಿತ್ರಪುಸ್ತಕಕ್ಕೆ ತಂದೆ ತಾಯಿ ಇಬ್ಬರು. ಕತೆ ಬರೆದವರು ಒಬ್ಬರು, ಚಿತ್ರ ಬರೆದವರು ಒಬ್ಬರು. ನಾವು ದೊಡ್ಡವರು ಕತೆಗಾರರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಆರು ವರ್ಷದ ಮಗು ಓದುವುದು ಚಿತ್ರವನ್ನಲ್ವಾ? ನಮ್ಮ ತರಗತಿಯಲ್ಲಿ ಪುಸ್ತಕ ತೆರೆಯುವ ಮೊದಲು ಎರಡೂ ಹೆಸರು ಜೋರಾಗಿ ಹೇಳಲೇಬೇಕು. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದಕ್ಕೆ ಬಹಳ ಅನುಕೂಲ. 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನ, ಅದು ಶುರುವಾಯಿತು. ಕನ್ನಡದಲ್ಲಿ ಬೇಕಾದಷ್ಟು ಪುಸ್ತಕ ಇವೆ. ಉರ್ದು, ತೆಲುಗು, ಮರಾಠಿಯಲ್ಲೂ ಇವೆ, ನಮ್ಮ ಜಿಲ್ಲೆಗಳ ತರಗತಿಯಲ್ಲಿ ಈ ಎಲ್ಲ ಮನೆಮಾತಿನ ಮಕ್ಕಳೂ ಕೂತಿರುತ್ತಾರೆ. ಹಣ ಕೊಡಬೇಕಿಲ್ಲ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಪುಸ್ತಕದ ಕೊನೆಯಲ್ಲಿ ಕತೆ ಯಾರದು, ಚಿತ್ರ ಯಾರದು, ಅನುವಾದ ಯಾರದು ಅಂತ ಹೆಸರು ಹಾಕಿರುತ್ತಾರೆ. ಪ್ರಿಂಟ್ ತೆಗೆಯುವಾಗ ಕಾಗದ ಉಳಿಸಲು ಆ ಕೊನೆಯ ಪುಟವನ್ನು ಬಿಡಬೇಡಿ. ಹೆಸರು ಉಳಿಸಿಕೊಂಡರೆ ಸಾಕು ಅಂತ ಅವರು ಇಷ್ಟೆಲ್ಲ ಬಿಟ್ಟಿ ಕೊಟ್ಟಿದ್ದಾರೆ. ಒಂದು ಹೆಸರಿನ ಮೇಲೆ ಒತ್ತಿದರೆ ಅದೇ ಲೇಖಕರ ಬೇರೆ ಪುಸ್ತಕಗಳು ಬರುತ್ತವೆ. "ಇದೂ ಅವ್ರೇ ಬರ್ದಾರ!" ಅಂತ ಮಗು ಗುರುತು ಹಿಡಿಯುತ್ತದಲ್ಲ, ಅಲ್ಲಿಂದ ಅದಕ್ಕೆ ಇಷ್ಟದ ಲೇಖಕರು ಅಂತ ಒಬ್ಬರು ಹುಟ್ಟುತ್ತಾರೆ.

ಪ್ರಿಂಟರ್ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ವಿಚಾರಿಸಿ. 2020ರ ಮಕ್ಕಳ ದಿನದಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಶಾಲೆಯ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ವಿಡಿಯೊ ಕಾಲ್ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಅದನ್ನೇ ಕೇಳುತ್ತೀರಿ. ಒಮ್ಮೆ ಮಾಡಿದ್ದೇವೆ. ಒಬ್ಬ ಕನ್ನಡದ ಚಿತ್ರಕಾರರಿಗೆ ಪ್ರಕಾಶಕರ ಮೂಲಕ ಪತ್ರ ಬರೆದೆ. ಹದಿನೈದು ನಿಮಿಷ ಕೊಡುತ್ತೇನೆ ಅಂದರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ, ಅದರ ಮೇಲೆ ಮೊಬೈಲ್ ಇಟ್ಟು, ಬಿಸಿಲಿಗೆ ನನ್ನ ಸೆರಗು ಮರೆ ಮಾಡಿದೆ. ಅವರು ಮಾತು ಶುರು ಮಾಡಿದಾಗ ಮಕ್ಕಳು ಅಷ್ಟೇನೂ ಕೇಳಲಿಲ್ಲ. ಆಮೇಲೆ ಅವರು ಕ್ಯಾಮರಾವನ್ನು ತಮ್ಮ ಕೈ ಕಡೆ ತಿರುಗಿಸಿದರು. ಹೆಬ್ಬೆರಳಿನ ಉಗುರಿನಲ್ಲಿ ಇಂಡಿಯನ್ ಇಂಕ್ ಕಪ್ಪಾಗಿ ಕೂತಿತ್ತು. ಒಂದು ಗೆರೆ ಎಳೆದರು, ಅದು ಬೆಕ್ಕಿನ ಬೆನ್ನಾಯಿತು. ಇಪ್ಪತ್ತೆರಡು ಮಕ್ಕಳು, ಒಂದು ಸದ್ದಿಲ್ಲ. ಬಾಲ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಸಿಕ್ಕಾಗ ಒಬ್ಬ ಕೇಳಿದ್ದು ಒಂದೇ ಪ್ರಶ್ನೆ: "ಸರ, ಬಾಲ ಹಚ್ಚಿದಿರೇನ್ರಿ?"

ಅಂಥ ಕಾಲ್ ಮಾಡುವಾಗ ಪ್ರಶ್ನೆಗಳನ್ನು ನೀವು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ. "ನಿಮ್ಮ ಸ್ಫೂರ್ತಿ ಯಾರು" ಅಂತ ಆರು ವರ್ಷದ ಮಗು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಬೆಕ್ಕು ಇದೆಯಾ, ಇವತ್ತು ಏನು ಉಂಡಿರಿ, ಎಡಗೈಲಿ ಬರೆಯುತ್ತೀರಾ ಅಂತ ಕೇಳುತ್ತದೆ. ಕೇಳಲಿ. ಮಕ್ಕಳ ಮುಖದ ಫೋಟೊ, ಪೂರ್ತಿ ಹೆಸರು, ಊರು ಎಲ್ಲೂ ಹಾಕಬೇಡಿ. ಪೋಷಕರಿಗೆ ಮೊದಲೇ ತಿಳಿಸಿ.

ಕಾಲ್ ಆಗದಿದ್ದರೆ ಪತ್ರ ಇದೆ. ಬಿಯಾಟ್ರಿಕ್ಸ್ ಪಾಟರ್ ಅವರ ಮೊಲದ ಪುಸ್ತಕ ಹುಟ್ಟಿದ್ದೇ ಪತ್ರದಿಂದ. 1893ರ ಸೆಪ್ಟೆಂಬರ್ 4ರಂದು, ಹುಷಾರಿಲ್ಲದೆ ಮಲಗಿದ್ದ ಐದು ವರ್ಷದ ನೋಯೆಲ್ ಅನ್ನುವ ಹುಡುಗನಿಗೆ ಅವರು ಪತ್ರ ಬರೆದರು. ಏನು ಬರೆಯಬೇಕೋ ತಿಳಿಯುತ್ತಿಲ್ಲ, ಅದಕ್ಕೆ ನಾಲ್ಕು ಮೊಲದ ಮರಿಗಳ ಕತೆ ಹೇಳುತ್ತೇನೆ ಅಂತ ಶುರು ಮಾಡಿ, ಸಾಲುಗಳ ಮಧ್ಯೆ ಮೊಲ ಬರೆದರು. ಮುಂದೆ ಪ್ರಕಾಶಕರು ಬೇಡ ಅಂದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಆ ಪತ್ರದ ಫೋಟೊ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಮಕ್ಕಳಿಗೆ ತೋರಿಸಿ. ಅವರ ಕೈಬರಹ, ಸಾಲುಗಳ ಮಧ್ಯೆ ಕೂತ ಮೊಲ ಎಲ್ಲಾ ಕಾಣುತ್ತದೆ. ನಮ್ಮ ಮಕ್ಕಳೂ ಹಾಗೆ ಚಿತ್ರ ಹಾಕಿ ಒಬ್ಬ ಲೇಖಕರಿಗೆ ಪ್ರಕಾಶಕರ ವಿಳಾಸಕ್ಕೆ ಪತ್ರ ಕಳಿಸಿದರು. ಉತ್ತರ ಬಂದಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಈಗಲೂ ಗೇಟಿನವರೆಗೆ ಓಡುತ್ತಾರೆ.

ನನ್ನ ಸಮಯ ಮುಗಿಯುತ್ತಾ ಬಂತು. ಹೊರಗಿನ ಮೇಜಿನ ಮೇಲೆ ಮಕ್ಕಳು ಮಾಡಿದ ಪುಸ್ತಕಗಳನ್ನು ಇಟ್ಟಿದ್ದೇನೆ. ಹೊಲಿಗೆ ದಾರದಿಂದ ಕಟ್ಟಿದ್ದು, ಹುಷಾರಾಗಿ ತೆರೆಯಿರಿ. ಮೇಲೆ ಆಡಿನ ಚಿತ್ರ ಇರುವುದು ಆ ಹುಡುಗಿಯ ರಾಶಿ ಮಷೀನಿನ ಪುಸ್ತಕ. ಕೊನೆಯ ಪುಟ ಮರೆಯದೆ ನೋಡಿ. ಎಲ್ಲ ಪುಸ್ತಕಗಳಲ್ಲೂ ಬರೆದವರ ಬಗ್ಗೆ ಇರುತ್ತದೆ, ನಂದರಲ್ಲೂ ಬೇಕು ಅಂತ ಹಟ ಮಾಡಿ ಬರೆದಿದ್ದಾಳೆ. ಕಡ್ಡಿಯಂಥ ಕೈಕಾಲಿನ ತನ್ನ ಚಿತ್ರ, ಅದರ ಕೆಳಗೆ ಮೂರು ಸಾಲು: "ಕತಿನೂ ಇವ್ರದೇ. ಚಿತ್ರನೂ ಇವ್ರದೇ. ಇನ್ನಾ ಅದಾರ."